ಹೂವಿಲ್ಲದ ಎರಡು ವಸಂತ

ನಮ್ಮ ಮಿನಾಗಾವದಲ್ಲಿ 'ಆ ಹನ್ನೆರಡು ದಿನ' ಎಂದರೆ ಯಾವ ದಿನ ಎಂದು ಯಾರೂ ಕೇಳುವುದಿಲ್ಲ. ಏಪ್ರಿಲ್ ಮುಗಿದು ಮೇ ಹುಟ್ಟುವ ಹೊತ್ತಿಗೆ, ಹಿಂದೆ ಸೋಯಾ ಸಾಸ್ ಮಾಡುತ್ತಿದ್ದ ದೊಡ್ಡಮನೆಯ ತೋಟದಲ್ಲಿ ಫುಜಿ ಬಳ್ಳಿ ಹೂಬಿಡುವ ದಿನಗಳು ಅವು. ಫುಜಿ ಬೆಟ್ಟಕ್ಕೂ ಈ ಬಳ್ಳಿಗೂ ಹೆಸರಷ್ಟೇ ಒಂದು, ಬರೆಯುವ ಅಕ್ಷರವೇ ಬೇರೆ. ಇನ್ನೂರ ಅರವತ್ತು ವರ್ಷದ ಬಳ್ಳಿ. ಬುಡವನ್ನು ಇಬ್ಬರು ಸೇರಿ ತಬ್ಬಬೇಕು. ನೂರು ಚಾಪೆ ಹಾಸುವಷ್ಟು ಅಗಲದ ಚಪ್ಪರದ ಮೇಲೆ ಹಬ್ಬಿ, ನೇರಳೆ ಗೊಂಚಲುಗಳನ್ನು ತಲೆಗೆ ತಾಗುವಷ್ಟು ಇಳಿಬಿಡುತ್ತದೆ. ಅದರ ಕೆಳಗೆ ಒಂದು ದಿನ ಶಾಲೆಮಕ್ಕಳ ಹಾಡು, ಒಂದು ದಿನ ಕೊತೊ ವಾದ್ಯ, ಮಧ್ಯೆ ಎರಡು ಮೂರು ಮದುವೆಯ ಫೋಟೊ, ಕೊನೆಯ ಭಾನುವಾರ ಓಗುಶಿ ಗುರುಗಳ ಚಹಾಕೂಟ. ತೋಟ ಊರಾಡಳಿತಕ್ಕೆ ಬಂದಾಗಿನಿಂದ ಇದು ಹೀಗೇ ನಡೆದುಬಂದಿತ್ತು.

ನಾನು ತಮಾಕಿ. ಸೇತುವೆಯ ಪಕ್ಕದ ಸಿಹಿತಿಂಡಿ ಅಂಗಡಿ ನಮ್ಮದು. ಗುರುಗಳ ಹತ್ತಿರ ಹದಿನೆಂಟು ವರ್ಷ ಚಹಾವಿದ್ಯೆ ಕಲಿತವಳು. ಕೂಟಕ್ಕೆ ಹೂರಣದ ಸಿಹಿ ಮಾಡಿಕೊಡುವುದೂ ನಾನೇ. ಆದರೆ ಈಗ ಹೇಳುತ್ತಿರುವುದು ನನ್ನ ಕಥೆಯಲ್ಲ, ತೋಟ ನೋಡಿಕೊಳ್ಳುತ್ತಿದ್ದ ಮಿನೆಕೊ ಅಕ್ಕನದು.

ಮಿನೆಕೊ ಅಕ್ಕ ಪಕ್ಕದ ಕಣಿವೆಯಿಂದ ತೋಟದ ಮಾಲಿಯ ಮನೆಗೆ ಸೊಸೆಯಾಗಿ ಬಂದವಳು. ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡ. ಎಲ್ಲರೂ ಅವಳು ತವರಿಗೆ ಹೋಗುತ್ತಾಳೆ ಅಂದುಕೊಂಡಿದ್ದರು. ಅವಳು ಹೋಗಲಿಲ್ಲ. ಮಾವ ತೊಮಿಜಿಯ ಹಿಂದೆ ಏಣಿ ಹೊತ್ತುಕೊಂಡು ತಿರುಗಿ, ಕತ್ತರಿ ಹಿಡಿಯುವುದನ್ನು ಕಲಿತಳು. ಹೆಂಗಸು ಏಣಿ ಹತ್ತುವುದನ್ನು ನೋಡಿ ಊರು ನಕ್ಕಿತು. ಆ ದಿನಗಳಲ್ಲಿ ಓಗುಶಿ ಗುರುಗಳು ಒಂದು ಸಂಜೆ ಅವಳನ್ನು ಕರೆಸಿದರು. ಮಣ್ಣುಗಾಲಿನವಳು ಹಿತ್ತಿಲಲ್ಲೇ ನಿಂತಳು. "ನಿನ್ನ ಕರೆದಿದ್ದು ಕಸ ಗುಡಿಸೋಕಲ್ಲ ಕಣೇ, ಒಳಗ್ ಬಾ, ಕೂತ್ಕೊ" ಎಂದು ಕೂರಿಸಿ ಚಹಾ ಮಾಡಿ ಕೈಗೆ ಕೊಟ್ಟರು. ಮರುದಿನದಿಂದ ಊರಿನ ನಗು ಸ್ವಲ್ಪ ತಗ್ಗಿತು. ಅಕ್ಕ ಇದನ್ನು ನನಗೆ ಹೇಳಿದ್ದು ಒಂದೇ ಸಲ. ಮತ್ತೆ ಹೇಳಬೇಕಾಗಿರಲಿಲ್ಲ.

ಮಾವ ತೀರಿಕೊಂಡ ಮೇಲೆ ಬಳ್ಳಿ ಪೂರ್ತಿ ಅವಳ ಕೈಗೇ ಬಂತು. ಅವಳಿಗೆ ಐವತ್ತನಾಲ್ಕು ತುಂಬಿದ ವರ್ಷ ಗೊಂಚಲುಗಳು ಯಾಕೋ ಗಿಡ್ಡವಾಗಿ ಬಂದವು. ಅಕ್ಟೋಬರಿನಲ್ಲಿ ಬುಡದ ಹತ್ತಿರ ಕಂದು ಬಣ್ಣದ ಅಣಬೆ ಎದ್ದಿತು. ಅವಳು ಬಿದಿರಿನ ಕಡ್ಡಿಯೊಂದನ್ನು ತೊಗಟೆಗೆ ಒತ್ತಿ ನೋಡಿದಳು. ಕಡ್ಡಿ ಮೊಳದುದ್ದ ಒಳಗೆ ಹೋಯಿತು.

ಮರದ ಡಾಕ್ಟರು ಇನೊಮತಾ ನಗರದಿಂದ ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲೊಂದು ಮರದ ಸುತ್ತಿಗೆ. ಬುಡವನ್ನು ತಟ್ಟುತ್ತ, ಕಿವಿಯಿಟ್ಟು ಕೇಳುತ್ತ ಬೆಳಗಿನ ಹೊತ್ತೆಲ್ಲ ಕಳೆದರು. ಆಮೇಲೆ ಒಂದು ಕಡೆ ನೆಲ ಅಗೆಸಿದರು. ಗುದ್ದಲಿ ಠಣ್ಣೆಂದಿತು. ಕಲ್ಲೇನೂ ಇರಲಿಲ್ಲ, ಮಣ್ಣೇ ಹಾಗೆ ಗಟ್ಟಿಯಾಗಿತ್ತು. ಅದರೊಳಗಿನ ಬೇರು ಕಪ್ಪಾಗಿ, ಮುಟ್ಟಿದರೆ ಸಿಪ್ಪೆ ಸುಲಿಯುತ್ತಿತ್ತು.

"ಬುಡದಲ್ಲಿ ಮೂರರಲ್ಲಿ ಎರಡು ಪಾಲು ಪೊಳ್ಳು" ಎಂದರು. "ಕೂಟ ಮುಗಿದ ಮೇಲೆ ಬುಡಕ್ಕೆ ಸಾಕೆ ಮದ್ಯ ಸುರಿಯೋ ಪದ್ಧತಿ ಇದೆಯಂತಲ್ಲ?"

"ಇದೆ. ಅದ್ರಿಂದ ಹೀಗಾಯ್ತಾ?" ಅಕ್ಕ ಗಾಬರಿಯಾದಳು.

"ಇಲ್ಲಮ್ಮಾ, ವರ್ಷಕ್ಕೊಂದು ಲೋಟ ಕುಡಿದ್ರೆ ಯಾರ ಲಿವರ್ರೂ ಹೋಗಲ್ಲ. ಐವತ್ತು ವರ್ಷದಿಂದ ಊರೆಲ್ಲ ಸೇರಿ ಇದರ ಎದೆ ಮೇಲೆ ನಿಂತಿದೀರಲ್ಲ, ತೊಂದರೆ ಆಗಿರೋದು ಅದ್ರಿಂದ. ಬೇರಿಗೆ ಉಸಿರಿಲ್ಲ."

ಮಾಡಬೇಕಾದ್ದನ್ನು ಅವರು ನೇರವಾಗಿ ಹೇಳಿದರು. ಚಪ್ಪರದ ಕೆಳಗೆ ಇನ್ನು ಯಾರೂ ಕಾಲಿಡಬಾರದು. ನೆಲವನ್ನು ಒಂದೊಂದೇ ಭಾಗವಾಗಿ ಸಡಿಲಿಸಿ ಇದ್ದಿಲು, ಎಲೆಗೊಬ್ಬರ ತುಂಬಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ವರ್ಷ ಬಳ್ಳಿ ಹೂ ಬಿಡಬಾರದು. ಚಳಿಗಾಲದಲ್ಲೇ ಹೂಮೊಗ್ಗುಗಳನ್ನೆಲ್ಲ ಚಿವುಟಬೇಕು. ಹೂವಿಗೆ ಹೋಗುವ ಶಕ್ತಿ ಬೇರಿಗೆ ಹೋಗಬೇಕು.

"ಚಿವುಟದಿದ್ರೆ?"

"ಮುಂದಿನ ಮೇ ತಿಂಗಳಲ್ಲಿ ನೀವು ಯಾವತ್ತೂ ನೋಡದಷ್ಟು ಹೂ ಬಿಟ್ರೂ ಬಿಡಬಹುದು. ಸಾಯೋ ಬಳ್ಳಿ ಒಂದೊಂದ್ಸಲ ಹಾಗ್ ಮಾಡುತ್ತೆ. ಅದನ್ನ ನೋಡಿ ಜನ ಚಪ್ಪಾಳೆ ಹೊಡೀತಾರೆ. ಆಮೇಲೆ ಮುಗೀತು."

ತೊಂದರೆಯೆಂದರೆ ಮುಂದಿನ ಮೇ ಬರಿಯ ಮೇ ಆಗಿರಲಿಲ್ಲ. ತೋಟ ಊರಿಗೆ ಬಂದು ಐವತ್ತು ವರ್ಷ ತುಂಬುವ ವಸಂತ. ಪೋಸ್ಟರು ಅಚ್ಚಾಗಿ ರೈಲು ನಿಲ್ದಾಣದಲ್ಲಿ ಅಂಟಿಯೂ ಆಗಿತ್ತು. ಅದೇ ವಸಂತದಲ್ಲಿ ಓಗುಶಿ ಗುರುಗಳಿಗೆ ಎಂಬತ್ತೆಂಟು. ನಮ್ಮಲ್ಲಿ ಆ ವಯಸ್ಸೆಂದರೆ ದೊಡ್ಡ ಹಬ್ಬ. ಫುಜಿ ಹೂವಿನ ಕೆಳಗೆ ಕೊನೆಯ ಕೂಟ ನಡೆಸಿ ನಿವೃತ್ತಿಯಾಗುತ್ತೇನೆ ಎಂದು ಅವರು ಎಲ್ಲರಿಗೂ ಹೇಳಿದ್ದರು. ಎಲ್ಲೆಲ್ಲಿಂದಲೋ ಹಳೆಯ ಶಿಷ್ಯರು ಬರುವವರಿದ್ದರು. ನಾನು ಆಗಲೇ ಸಿಹಿಯ ಆಕಾರ ಯೋಚಿಸಿಟ್ಟಿದ್ದೆ.

ಊರಾಡಳಿತದ ತೋಟಗಳ ಮುಖ್ಯಸ್ಥರು ಶಿಮೊಜೊ. ಕೆಟ್ಟವರಲ್ಲ. ಎಲ್ಲರನ್ನೂ ಒಪ್ಪಿಸಿಕೊಂಡು ಹೋಗಬೇಕಾದ ಕುರ್ಚಿ ಅವರದು. ಡಾಕ್ಟರ ವರದಿಯನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು.

"ಇದೊಂದ್ ವರ್ಷ ಬಿಡಲಿ ಮಿನೆಕೊ. ಮುಂದಿನ ವರ್ಷದಿಂದ ಶುರು ಮಾಡೋಣ."

"ಸರ್, ಮುಂದಿನ ವರ್ಷಕ್ಕೆ ಅದು ಇರಲ್ಲ."

"ಇರುತ್ತೋ ಇಲ್ವೋ ಅಂತ ದೇವರಿಗೇ ಗೊತ್ತಿಲ್ಲ, ನಿನಗ್ ಹ್ಯಾಗ್ ಗೊತ್ತು? ಸರಿ, ಏಪ್ರಿಲ್ ಮೊದಲ ವಾರ ಸಭೆ ಇದೆ, ಅಲ್ಲಿ ಮುಂದಿಡ್ತೀನಿ."

"ಏಪ್ರಿಲ್‌ಗೆ ಮೊಗ್ಗು ಒಡೆದಿರುತ್ತೆ ಸರ್."

ಅವರು ಕಿಟಕಿಯ ಹೊರಗೆ ನೋಡಿದರು. "ಹಾಗಾದ್ರೆ ಓಗುಶಿ ಗುರುಗಳ ಹತ್ರ ಹೋಗು. ಅವರು ಹೂಂ ಅಂದ್ರೆ ನನ್ನದೂ ಹೂಂ." ಗುರುಗಳು ಒಪ್ಪುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು.

ಜನವರಿಯ ಒಂದು ಮಧ್ಯಾಹ್ನ ಅಕ್ಕ ಗುರುಗಳ ಮನೆಗೆ ಹೋದಳು. ಒಬ್ಬಳೇ ಹೋಗಲಾರೆ ಎಂದು ನನ್ನನ್ನೂ ಕರೆದುಕೊಂಡಿದ್ದಳು. ಗುರುಗಳು ಕಾಲಿಗೆ ಶಾಲು ಸುತ್ತಿಕೊಂಡು, ಕೂಟಕ್ಕೆ ಬರುವವರ ಹೆಸರುಗಳನ್ನು ಕುಂಚದಲ್ಲಿ ಬರೆಯುತ್ತಿದ್ದರು. ಅಕ್ಕ ಹಣೆ ನೆಲಕ್ಕೆ ತಾಗುವಂತೆ ಬಾಗಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಏನೂ ಮುಚ್ಚಿಡಲಿಲ್ಲ. ನೆಲ ಗಟ್ಟಿಯಾದದ್ದು, ಜನ ನಿಂತದ್ದು, ಎಲ್ಲ.

ಗುರುಗಳ ಕುಂಚ ನಿಂತಿತು.

"ಅಂದ್ರೆ ನನ್ನ ಚಹಾನೇ ಅದನ್ನ ಕೊಂದಿದ್ದು ಅಂತ ಹೇಳೋಕ್ ಬಂದಿದೀಯಾ?"

"ಅಯ್ಯೋ, ಹಾಗಲ್ಲ ಗುರುಗಳೇ..."

"ಮತ್ತೆ ಹ್ಯಾಗೆ? ಮಕ್ಕಳು ಹಾಡಿದ್ದು ಒಂದ್ ಗಂಟೆ. ಫೋಟೊದವರು ನಿಂತಿದ್ದು ಅರ್ಧ ಗಂಟೆ. ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲಿ ಕೂತಿದ್ದು ನಾನು, ನನ್ನ ಜನ. ನಲವತ್ತೊಂಬತ್ತು ವರ್ಷ."

ಗುರುಗಳು ಕುಂಚವನ್ನು ಕೆಳಗಿಟ್ಟರು.

"ಎಂಬತ್ತೆಂಟು ಕಣೇ ನಂಗೆ. ಎರಡು ವರ್ಷ ಕಾಯಿ ಅಂತೀಯಲ್ಲ, ಆ ಎರಡು ವರ್ಷಾನ ಎಲ್ಲಿಂದ ತರಲಿ? ಒಂದೇ ಒಂದ್ಸಲ ನೋಡ್ಕೊಂಡ್ ಹೋಗ್ತೀನಿ ಅನ್ನೋದು ಅಷ್ಟು ದೊಡ್ಡ ಆಸೆನಾ?"

"ಅಲ್ಲ. ಆದ್ರೆ ಆಗಲ್ಲ ಗುರುಗಳೇ" ಎಂದಳು ಅಕ್ಕ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಗುರುಗಳಿಗೆ ಮಾತ್ರ ಕೇಳಿತು.

"ನಿಂಗೆ ಇಷ್ಟ ಬಂದ ಹಾಗ್ ಮಾಡ್ಕೊ. ನನ್ನ ಬಾಗಿಲಿಗೆ ಮಾತ್ರ ಮತ್ತೆ ಬರಬೇಡ."

ಹೊರಗೆ ಬಂದ ಮೇಲೆ ಅಕ್ಕ ಬೇಲಿಯ ಪಕ್ಕ ನಿಂತಳು. "ಹೋಗ್ಲಿ ಬಿಡಕ್ಕಾ, ಒಂದ್ ವರ್ಷ ತಾನೇ, ಬಿಟ್ಟುಬಿಡು. ಬದುಕಿದ್ರೆ ಬದುಕುತ್ತೆ" ಎಂದೆ. ಹಾಗೆ ಅಂದಿದ್ದೆ ಎಂದು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ.

ಅವಳು ಹೇಳಿದಳು: "ಗುರುಗಳಿಗೆ ಇಲ್ಲ ಅಂದ್ರೆ ನಂಗೆ ಸಂಕಟ ಆಗುತ್ತೆ ತಮಾಕಿ. ಬಳ್ಳಿಗೆ ಇಲ್ಲ ಅಂದ್ರೆ ಅದು ಬಾಯಿ ಬಿಟ್ಟು ಏನೂ ಹೇಳಲ್ಲ. ಹಂಗಂತ ಹೇಳದೇ ಇರೋರ್ಗೆ ಮೋಸ ಮಾಡಬಹುದಾ?"

ಫೆಬ್ರವರಿ ಎರಡನೆಯ ವಾರ, ಯಾರ ಸಹಿಯೂ ಇಲ್ಲದೆ, ಅವಳು ಏಣಿ ಹಾಕಿದಳು. ಹಿಂದಿನ ದಿನವೇ ನನಗೆ ಫೋನ್ ಮಾಡಿ "ಏಣಿ ಹಿಡ್ಕೊಳೋಕೆ ಬರ್ತೀಯಾ? ಬೈಗುಳದಲ್ಲಿ ನಿನಗೂ ಪಾಲಿದೆ" ಎಂದಿದ್ದಳು. ಅಂಗಡಿಯನ್ನು ಗಂಡನಿಗೆ ಬಿಟ್ಟು ಹೋದೆ.

ಎಲೆಯಿಲ್ಲದ ಬಳ್ಳಿಯಲ್ಲಿ ಹೂಮೊಗ್ಗು ಯಾವುದು, ಎಲೆಮೊಗ್ಗು ಯಾವುದು ಎಂದು ನನಗೆ ತೋರಿಸಿದಳು. ಎಲೆಯದು ತೆಳ್ಳಗೆ ಕಡ್ಡಿಯ ಹಾಗೆ. ಹೂವಿನದು ಗುಂಡಗೆ, ಹೊಟ್ಟೆ ತುಂಬಿದ ಹಾಗೆ. ಅವಳು ಮೇಲಿನಿಂದ ಚಿವುಟಿ ಚಿವುಟಿ ಸೊಂಟದ ಬುಟ್ಟಿಗೆ ಹಾಕುತ್ತ ಹೋದಳು. ಕೈಗೆಟುಕುವ ಕಡೆಯಲ್ಲಿ ನಾನೂ ಚಿವುಟಿದೆ. ಮೊದಲ ದಿನ ಹಿಮದ ಪುಡಿ ಹಾರುತ್ತಿತ್ತು. ಬೆರಳು ಮರಗಟ್ಟಿದಾಗ ಫ್ಲಾಸ್ಕಿನ ಬಿಸಿ ಚಹಾದ ಲೋಟವನ್ನು ತಬ್ಬಿ ಕೂರುತ್ತಿದ್ದೆವು. ಹಾಗೊಮ್ಮೆ ಕೂತಿದ್ದಾಗ ಅವಳು ಒಂದು ಮೊಗ್ಗನ್ನು ಉಗುರಿನಿಂದ ಸೀಳಿದಳು. ಒಳಗೆ ಸಾಸಿವೆಗಿಂತ ಸಣ್ಣ ಹೂಗಳು ಒಂದರ ಮೇಲೊಂದು, ಇಡೀ ಗೊಂಚಲೇ ಆಗಲೇ ಕಟ್ಟಿಟ್ಟಿತ್ತು. "ನೋಡಬಾರದಿತ್ತು" ಎಂದು ಅದನ್ನು ಬುಟ್ಟಿಗೆ ಹಾಕಿದಳು. ಆಮೇಲೆ ಕೆಲಸ ಮುಗಿಯುವವರೆಗೂ ಮತ್ತೊಂದನ್ನು ಸೀಳಲಿಲ್ಲ.

ಮೂರನೆಯ ದಿನದ ಮಧ್ಯಾಹ್ನ ಶಿಮೊಜೊ ಓಡುತ್ತ ಬಂದರು. ಯಾರೋ ಹೇಳಿರಬೇಕು. ಚಪ್ಪರದ ಒಂದು ಮೂಲೆಯಷ್ಟೇ ಉಳಿದಿತ್ತು.

"ಕೆಳಗಿಳಿ! ಇದೇನು ನಿಮ್ಮಾವನ ತೋಟ ಅಂದ್ಕೊಂಡಿದೀಯಾ?"

"ನಮ್ಮಾವನ ತೋಟ ಆಗಿದ್ರೆ ಡಾಕ್ಟರು ಹೇಳಿದ ಮರುದಿನವೇ ಚಿವುಟ್ತಿದ್ದೆ ಸರ್" ಎಂದಳು ಅಕ್ಕ ಏಣಿಯ ಮೇಲಿಂದಲೇ. ಅವಳು ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಶಿಮೊಜೊ ಉಳಿದ ಮೂಲೆಯನ್ನು ನೋಡಿದರು, ತುಂಬಿದ ಬುಟ್ಟಿಗಳನ್ನು ನೋಡಿದರು. ಒಂದು ಮೂಲೆ ಉಳಿಸಿ ಪ್ರಯೋಜನವಿಲ್ಲ ಎಂದು ಅವರಿಗೇ ಅನ್ನಿಸಿರಬೇಕು. ಬಂದ ದಾರಿಯಲ್ಲೇ ಹೊರಟುಹೋದರು. ಅವಳು ಮುಗಿಸಿಯೇ ಇಳಿದಳು.

ಮುಂದೆ ಆಗಬೇಕಾದ್ದು ಆಯಿತು. ಅವಳನ್ನು ಕಚೇರಿಗೆ ಕರೆಸಿ ತಪ್ಪೊಪ್ಪಿಗೆ ಬರೆಸಿಕೊಂಡರು. ಏಪ್ರಿಲಿನಿಂದ ತೋಟದ ಕೆಲಸ ತಪ್ಪಿಸಿ, ನದಿದಂಡೆಯ ಉದ್ಯಾನದಲ್ಲಿ ಹುಲ್ಲು ಕತ್ತರಿಸಲು ಹಾಕಿದರು. ಪೋಸ್ಟರಿನ ಮೇಲೆ 'ಈ ವರ್ಷ ಹೂವಿಲ್ಲ' ಎಂಬ ಚೀಟಿ ಬಿತ್ತು. ಊರಿನ ಬಾಯಿಗಂತೂ ಬೀಗವೇ ಇರಲಿಲ್ಲ. ಅವಳು ಸೈಕಲ್ಲಿನಲ್ಲಿ ಹೋಗುತ್ತಿದ್ದರೆ ಕ್ಷೌರದಂಗಡಿಯ ನಿಶಿಕಿ ಬಾಗಿಲಲ್ಲಿ ನಿಂತು, "ಏನ್ ಮಿನೆಕೊ, ನದಿದಂಡೆ ಹುಲ್ಲಿಗಾದ್ರೂ ಹೂ ಬಿಡೋಕೆ ಪರ್ಮಿಶನ್ ಕೊಟ್ಟಿದೀಯಾ?" ಎನ್ನುತ್ತಿದ್ದ. ಅವಳು ನಕ್ಕು ಗಂಟೆ ಬಾರಿಸಿ ಹೋಗುತ್ತಿದ್ದಳು. ಆ ನಗು ತಿರುವು ದಾಟುವವರೆಗೂ ಇರುತ್ತಿರಲಿಲ್ಲ. ನಮ್ಮ ಅಂಗಡಿಗೆ ಹಿಂಬಾಗಿಲಿನಿಂದ ಬಂದು, ಹಿಟ್ಟಿನ ಮೂಟೆಯ ಮೇಲೆ ಕೂತು ಹೋಗುತ್ತಿದ್ದಳು.

ಗುರುಗಳ ಕೂಟ ಪುರಭವನದಲ್ಲಿ ನಡೆಯಿತು. ಗೋಡೆಗೆ ಕಾಗದದ ಫುಜಿ ಗೊಂಚಲುಗಳನ್ನು ಕಟ್ಟಿದ್ದರು. ಒಂದು ಕಿಟಕಿ ತೆರೆದಿದ್ದರಿಂದ ಅವು ಸರಸರ ಸದ್ದು ಮಾಡುತ್ತಲೇ ಇದ್ದವು. ಗುರುಗಳು ಒಂದೂ ತಪ್ಪಿಲ್ಲದೆ ಚಹಾ ಮಾಡಿದರು. ಗೋಡೆಯ ಕಡೆ ಒಮ್ಮೆಯೂ ನೋಡಲಿಲ್ಲ. ಅಕ್ಕನಿಗೆ ಕರೆ ಹೋಗಿರಲಿಲ್ಲ.

ಜೂನ್ ತಿಂಗಳ ಮಳೆ ಹಿಡಿದಿದ್ದಾಗ ಒಂದು ಭಾನುವಾರ ಬಿಸಿಲು ಬಿದ್ದಿತು. ಗುರುಗಳು ಫೋನ್ ಮಾಡಿದರು. ಆಗಲೇ ಅವರು ಗಾಲಿಕುರ್ಚಿಯಲ್ಲಿದ್ದರು. "ತಮಾಕಿ, ಚಹಾದ ಬುಟ್ಟಿ ಕಟ್ಟು. ನನ್ನನ್ನ ತೋಟಕ್ಕೆ ತಳ್ಕೊಂಡ್ ಹೋಗು. ಅವಳು ಅಲ್ಲೇ ಇರ್ತಾಳೆ."

ಹೌದು, ಇದ್ದಳು. ವಾರವೆಲ್ಲ ನದಿದಂಡೆಯಲ್ಲಿ ದುಡಿದು, ಭಾನುವಾರ ಮಾತ್ರ ಇನೊಮತಾ ಡಾಕ್ಟರ ಜೊತೆ ಬಂದು ನೆಲ ಸಡಿಲಿಸುತ್ತಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ತಡೆದಿರಲೂ ಇಲ್ಲ. ಚಪ್ಪರದ ಸುತ್ತ ಹಗ್ಗ ಕಟ್ಟಿತ್ತು. ಮೇಲೆ ಎಲೆ ದಟ್ಟವಾಗಿ, ಎಳೆ ಕುಡಿಗಳು ಮಾರುದ್ದ ಹೊರಗೆ ಚಾಚಿದ್ದವು. ಹೂವಿಲ್ಲದ ಕಾಲದಲ್ಲಿ ನಾವು ಯಾರೂ ಅಲ್ಲಿಗೆ ಹೋದವರಲ್ಲ. ಅಷ್ಟೊಂದು ಹಸಿರು ಅಲ್ಲಿರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಅಕ್ಕ ನಮ್ಮನ್ನು ಕಂಡು ಗುದ್ದಲಿ ಕೆಳಗಿಟ್ಟು, ಹಗ್ಗದ ಆಚೆಯಿಂದಲೇ ಬಾಗಿ ನಿಂತಳು. ಗುರುಗಳು ಕುರ್ಚಿಯನ್ನು ಹಗ್ಗದ ಹತ್ತಿರ ನಿಲ್ಲಿಸಲು ಹೇಳಿದರು. ಮುಂದೆ ಬಾಗಿ ಅಗೆದ ಹೊಂಡವನ್ನು ನೋಡಿದರು.

"ಅದೇ ಜಾಗ" ಎಂದರು. "ಅತಿಥಿಗಳ ಬೆಂಚು ಅಲ್ಲಾಡಬಾರದು ಅಂತ ಪ್ರತಿ ವರ್ಷ ಕೂಟಕ್ಕೆ ಮೊದಲು ಅಲ್ಲಿ ದಿಮ್ಮಸು ಹಾಕಿಸಿ ನೆಲ ಗಟ್ಟಿ ಮಾಡಿಸ್ತಿದ್ದೆ. ಬೇಡ ಅಂತ ನಿಮ್ಮಾವ ಒಂದ್ಸಲ ಹೇಳಿದ್ದ. ತೋಟದೋನು ತೋಟ ನೋಡ್ಕೊಳ್ಳಲಿ, ಚಹಾದ ವಿಷಯ ನಂಗೆ ಬಿಡಲಿ ಅಂದಿದ್ದೆ. ಆಮೇಲೆ ಅವನು ಬಾಯಿ ಬಿಡಲಿಲ್ಲ."

"ಅದು ಹಳೇ ಮಾತು ಗುರುಗಳೇ."

"ಹಳೇದೇ. ನನ್ನ ಹತ್ರ ಇನ್ನೇನಿದೆ ಹೊಸದು?" ಎಂದು ಗುರುಗಳು ನನ್ನ ಕಡೆ ಕೈಚಾಚಿದರು. ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ಬಟ್ಟಲಿಗೆ ಹಸಿರು ಪುಡಿ ಹಾಕಿ, ಫ್ಲಾಸ್ಕಿನ ನೀರು ಬಗ್ಗಿಸಿ ಕಡೆದರು. ಒಂದಿಷ್ಟು ಹಲಗೆಯ ಮೇಲೆ ಚೆಲ್ಲಿತು. ಬಟ್ಟಲನ್ನು ಹಗ್ಗದ ಮೇಲಿಂದ ಅಕ್ಕನ ಕಡೆ ಹಿಡಿದರು.

"ನಾನಿನ್ನೂ ನಿನ್ನ ಕ್ಷಮಿಸಿಲ್ಲ. ಕುಡಿ."

ಅಕ್ಕ ಮಣ್ಣಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಟ್ಟಲು ತೆಗೆದುಕೊಂಡಳು. ಎರಡು ಗುಟುಕು ಕುಡಿದು ನಿಲ್ಲಿಸಿ, ಮುಖ ಪಕ್ಕಕ್ಕೆ ತಿರುಗಿಸಿದಳು. ಆಮೇಲೆ ಉಳಿದದ್ದನ್ನು ಕುಡಿದಳು. "ನೊರೆ ಕಡಿಮೆ ಬಂತು" ಎಂದು ಗುರುಗಳು ಗೊಣಗಿದರು. "ಬಿಸಿ ಸಾಲದು. ಇವಳ ಫ್ಲಾಸ್ಕು ಸರಿಯಿಲ್ಲ." ಆ ಬೈಗುಳ ನನ್ನ ಪಾಲಿಗೆ ಬಂತು.

ಮುಂದಿನ ಜನವರಿಯಲ್ಲಿ ಗುರುಗಳು ತೀರಿಕೊಂಡರು. ಕ್ಷಮಿಸಿದ್ದೇನೆ ಎಂದು ಕೊನೆಯವರೆಗೂ ಹೇಳಲಿಲ್ಲ. ಆದರೆ ಆ ಆರು ತಿಂಗಳೂ ಪ್ರತಿ ಭಾನುವಾರ ಅಕ್ಕನನ್ನು ಕರೆಸಿ ಬೇರಿನ ಸಮಾಚಾರ ಕೇಳುತ್ತಿದ್ದರು. ಹೊಸ ಬೇರು ಬಿಳಿ ದಾರದ ಹಾಗೆ ಇದ್ದಿಲಿನೊಳಗೆ ಇಳಿದಿದೆ ಎಂದು ಕೇಳಿದ ದಿನ ಎರಡು ಸಲ ಹೇಳಿಸಿಕೊಂಡರಂತೆ. ಅವರಿಗೆ ಹೂ ತೋರಿಸಲಾಗಲಿಲ್ಲ ಎಂಬ ನೋವು ಅಕ್ಕನನ್ನು ಬಿಟ್ಟಿಲ್ಲ. "ಸರಿಯಾದದ್ದನ್ನೇ ಮಾಡಿದೆ ಅಂತ ಗೊತ್ತು. ಗೊತ್ತಿದ್ರೆ ನೋವು ಕಡಿಮೆ ಆಗುತ್ತೆ ಅಂತ ಯಾರು ಹೇಳಿದ್ದು?" ಎಂದು ಅವಳು ನನ್ನನ್ನು ಕೇಳಿದ್ದುಂಟು.

ಎರಡನೆಯ ಚಳಿಗಾಲ ಮೊಗ್ಗು ಚಿವುಟಲು ಬರವಣಿಗೆಯಲ್ಲೇ ಅಪ್ಪಣೆ ಬಂತು. ಶಿಮೊಜೊ ತಾವೇ ಕೈಗವಸು ಹಾಕಿಕೊಂಡು ಬಂದು ಅರ್ಧ ದಿನ ಚಿವುಟಿದರು. ಎಲೆಮೊಗ್ಗನ್ನೂ ಕಿತ್ತು ಬೈಸಿಕೊಂಡರು. ಆ ಏಪ್ರಿಲಿನಲ್ಲಿ ಅಕ್ಕ ತೋಟಕ್ಕೆ ವಾಪಸ್ಸಾದಳು.

ಮೂರನೆಯ ವಸಂತ ಬಳ್ಳಿ ಹೂಬಿಟ್ಟಿತು. ಗೊಂಚಲುಗಳು ಗೇಣುದ್ದಕ್ಕಿಂತ ತುಸು ಹೆಚ್ಚು, ಅಷ್ಟೇ. ಎಲ್ಲ ಕಡೆಯೂ ಬರಲಿಲ್ಲ. ಹಗ್ಗ ಹಾಗೆಯೇ ಉಳಿಯಿತು. ಮಕ್ಕಳು ದಾರಿಯ ಮೇಲೆ ನಿಂತು ಹಾಡಿದರು. ಚಹಾಕೂಟವನ್ನು ಕೊಳದ ಆಚೆಯ ಕಲ್ಲುಹಾಸಿನ ಮೇಲೆ ನಾನೇ ನಡೆಸಿದೆ. ಮೊದಲ ಬಟ್ಟಲಿಗೆ ನನಗೂ ನೊರೆ ಕಡಿಮೆ ಬಂತು, ಫ್ಲಾಸ್ಕಿನ ತಪ್ಪಲ್ಲ.

ಆ ದಿನ ಹೊರಗಿನ ಊರಿನ ಒಬ್ಬ ಮುದುಕರು, ಕೋಲೂರಿಕೊಂಡು ಬಂದವರು, ಹಗ್ಗದ ಹತ್ತಿರ ನಿಂತು ಅಕ್ಕನನ್ನು ಕೇಳಿದರು: "ಇಷ್ಟೇನಾ? ನಮ್ಮಪ್ಪ ಕರ್ಕೊಂಡ್ ಬಂದಾಗ ಹೂ ನನ್ನ ತಲೆಗೆ ತಾಗ್ತಿತ್ತು."

"ಬಳ್ಳಿಗೆ ಹುಷಾರಿರ್ಲಿಲ್ಲ ಅಜ್ಜಾ. ಈಗ ಚೇತರಿಸ್ಕೊಳ್ತಿದೆ. ಇನ್ನೊಂದೈದು ವರ್ಷ ಬಿಟ್ಟು ಬನ್ನಿ, ಹಾಗೇ ಇರುತ್ತೆ."

"ಐದು ವರ್ಷಾನಾ?" ಮುದುಕರು ನಕ್ಕರು. "ನಂಗೀಗಲೇ ಎಂಬತ್ತಾರು ಕಣಮ್ಮಾ. ಸ್ವಲ್ಪ ಒಳಗೆ ಬಿಡು, ಒಂದೇ ನಿಮಿಷ ಕೆಳಗೆ ನಿಂತು ಬರ್ತೀನಿ. ನನ್ನ ಭಾರ ಎಷ್ಟಿದ್ದೀತು?"

ಹತ್ತಿರದ ನಲ್ಲಿಯಲ್ಲಿ ಬಟ್ಟಲು ತೊಳೆಯುತ್ತಿದ್ದ ನಾನು ತಿರುಗಿ ನೋಡಿದೆ. ಅಕ್ಕ ಹಗ್ಗದ ಮೇಲೆ ಕೈಯಿಟ್ಟಳು. ಎತ್ತುತ್ತಾಳೆ ಎಂದುಕೊಂಡೆ. ಎತ್ತಲಿಲ್ಲ. "ಆಗಲ್ಲ ಅಜ್ಜಾ, ತಪ್ಪು ತಿಳ್ಕೋಬೇಡಿ" ಎಂದು ಆಳವಾಗಿ ಬಾಗಿದಳು. ಆಮೇಲೆ ಓಡಿಹೋಗಿ ಸಲಕರಣೆಯ ಕೋಣೆಯಿಂದ ಒಂದು ಸ್ಟೂಲು ತಂದಳು. ಹಗ್ಗದ ಹೊರಗೆ, ಚಪ್ಪರದ ಅಂಚಿನಿಂದಾಚೆಗೆ ಒಂದು ಕೊಂಬೆ ಚಾಚಿಕೊಂಡಿದ್ದ ಕಡೆ ಇಟ್ಟು ಅವರನ್ನು ಕೈಹಿಡಿದು ಕೂರಿಸಿದಳು. ಅಲ್ಲಿ ನಾಲ್ಕೈದು ಗೊಂಚಲುಗಳಿದ್ದವು. ಮುದುಕರು ಮೊದಮೊದಲು ಮುಖ ಗಂಟಿಕ್ಕಿಕೊಂಡೇ ಇದ್ದರು. ದುಂಬಿಯೊಂದು ಬಂದು ಹೂವಿನಿಂದ ಹೂವಿಗೆ ಹಾರುತ್ತಿತ್ತು. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕತ್ತೆತ್ತಿ ನೋಡುತ್ತ ಕೂತರು. ಅವರು ಏಳುವವರೆಗೂ ಅಕ್ಕ ಪಕ್ಕದಲ್ಲೇ ನಿಂತಿದ್ದಳು.